ಕುಣಿಮಗ್ಗದ ಮಗ ಗುಜರಾತಿಗೆ ಚಿತ್ರ ಕಲಿಯೋಕೆ ಹೋದದ್ದು

(ನಮ್ಮ ಚಾನೆಲ್‌ನಲ್ಲಿ ಬಂದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ. ಮನೆಯವರ ಮಾತು ಇಳಕಲ್ ಕಡೆಯ ಭಾಷೆಯಲ್ಲೇ ಇದೆ.)

 

ನಾನು ಇಳಕಲ್‌ನವನು. ಹೌದು, ಅದೇ ಸೀರೆ ಇಳಕಲ್, ಬಾಗಲಕೋಟೆ ಜಿಲ್ಲೆ. ಹದಿನಾಲ್ಕು ವರ್ಷದಿಂದ ಪುಣೆಯಲ್ಲಿದ್ದೀನಿ, ಹಿಂಜೇವಾಡಿಯಲ್ಲಿ ಕೆಲಸ. ಬ್ಯಾಕೆಂಡ್ ಕೋಡ್ ಬರೀತೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಕಲಾವಿದ ಅಲ್ಲ. ಶನಿವಾರ ಶನಿವಾರ ಒಂದು ಡ್ರಾಯಿಂಗ್ ಕ್ಲಾಸಿಗೆ ಹೋಗ್ತೀನಿ, ಅಷ್ಟೇ. ಡಾಕ್ಟರು "ಬಿಪಿ ಜಾಸ್ತಿ ಇದೆ, ಏನಾದ್ರೂ ಹವ್ಯಾಸ ಮಾಡ್ಕೊಳ್ಳಿ" ಅಂದ್ರು. ಜಿಮ್ಮಿಗಿಂತ ಪೆನ್ಸಿಲ್ ಹಗುರ ಅಂತ ಅದನ್ನ ಹಿಡ್ಕೊಂಡೆ.

ಕ್ಲಾಸಿನಲ್ಲಿ ನಾವು ಒಂಬತ್ತು ಜನ. ಹೆಚ್ಚುಕಡಿಮೆ ಎಲ್ಲರೂ ಐಟಿಯವರೇ. ಕನ್ನಡದವರು ಇಬ್ಬರು: ನಾನು, ಇನ್ನೊಬ್ಬರು ಮೈಸೂರಿನವರು. ಅವರು ಟೆಸ್ಟಿಂಗ್ ಲೀಡ್, ನನಗಿಂತ ಹತ್ತು ವರ್ಷ ದೊಡ್ಡವರು, ನಾನು ಅಕ್ಕ ಅಂತೀನಿ. ಕಲಿಸೋ ಸರ್‌ಗೆ ಎಪ್ಪತ್ತು ದಾಟಿದೆ. ಎಪ್ಪತ್ತರ ದಶಕದಲ್ಲಿ ಬರೋಡಾದಲ್ಲಿ ಓದಿದವರು. ಎರಡು ವರ್ಷದ ಹಿಂದೆ ಅವರು ಒಂದು ಮಾತು ಹೇಳಿದ್ರು: "ನೀವು ಫೋನಿನಲ್ಲಿ ಫೋಟೋ ನೋಡಿ ಚಿತ್ರ ಬಿಡಿಸ್ತಿದ್ದೀರಿ. ಮೂರು ದಿನ ರಜೆ ಹಾಕಿ, ನನ್ನ ಜೊತೆ ಗುಜರಾತಿಗೆ ಬನ್ನಿ. ನೋಡೋದು ಹೇಗೆ ಅಂತ ಕಲೀರಿ." ಗುರುವಾರ ಅಹಮದಾಬಾದ್, ಶುಕ್ರವಾರ ವಡೋದರಾ, ಶನಿವಾರ ಸೂರತ್.

ಇದೇ ಹೊತ್ತಿಗೆ ಊರಲ್ಲಿ ಇನ್ನೊಂದು ಕೆಲಸ ನಡೀತಿತ್ತು. ಅದನ್ನ ಹೇಳದೆ ಇದ್ರೆ ಮುಂದಿನ ಮಾತು ನಿಮಗೆ ಅರ್ಥ ಆಗಲ್ಲ.

ನಮ್ಮಪ್ಪ ನೇಕಾರರು. ಕುಣಿಮಗ್ಗ, ಅಂದ್ರೆ ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯೋ ಮಗ್ಗ. ನಮ್ಮ ಮನೆಯ ಪಡಸಾಲೆಯಲ್ಲೇ ಆ ಕುಣಿ. ಮೊದಲು ಎರಡು ಮಗ್ಗ ಇದ್ವು. ನನ್ನ ಇಂಜಿನಿಯರಿಂಗ್ ಎರಡನೇ ವರ್ಷದ ಫೀಸಿಗೆ ಒಂದು ಹೋಯ್ತು. ಇನ್ನೊಂದು ಉಳೀತು, ಆದರೆ ನಾಲ್ಕೈದು ವರ್ಷದಿಂದ ಅದರ ಮೇಲೆ ಸೀರೆ ಇಳಿದಿಲ್ಲ. ಪಡಸಾಲೆಯ ಮೂರನೇ ಒಂದು ಭಾಗ ಅದೇ ಹಿಡ್ಕೊಂಡಿತ್ತು. ನಾನು ಪ್ರತಿ ಸಲ ಊರಿಗೆ ಹೋದಾಗಲೂ ಒಂದೇ ರಾಗ: "ಇದನ್ನ ತೆಗೀರಿ, ಕುಣಿ ಮುಚ್ಚಿ ಟೈಲ್ಸ್ ಹಾಕ್ಸೋಣ, ಮಕ್ಕಳು ಬಂದ್ರೆ ಓಡಾಡೋಕೆ ಜಾಗ ಆಗುತ್ತೆ." ಕೊನೆಗೆ ಅಪ್ಪ ಹೂಂ ಅಂದ್ರು. ಮೇಸ್ತ್ರಿಗೆ ಅಡ್ವಾನ್ಸ್ ನಾನೇ ಫೋನ್‌ಪೇ ಮಾಡಿದೆ. ನಾವು ಗುಜರಾತಿನಿಂದ ವಾಪಸ್ ಬರೋ ಮುಂದಿನ ಸೋಮವಾರ ಕುಣಿ ಮುಚ್ಚೋದು ಅಂತ ಗೊತ್ತಾಗಿತ್ತು.

ಸರಿ. ಈಗ ಅಹಮದಾಬಾದ್.

ಗುರುವಾರ ಬೆಳಗ್ಗೆ ಏಳಕ್ಕೇ ಸರ್ ನಮ್ಮನ್ನ ಲಾಲ್ ದರ್ವಾಜಾ ಹತ್ತಿರದ ಸೀದಿ ಸಯ್ಯದ್ ಮಸೀದಿಗೆ ಕರ್ಕೊಂಡು ಹೋದ್ರು. ನಿಮ್ಮಲ್ಲಿ ಯಾರಾದ್ರೂ ಐಐಎಂ ಅಹಮದಾಬಾದಿನವರು ಇದ್ರೆ ಅವರ ಲಾಂಛನ ನೆನಪು ಮಾಡ್ಕೊಳ್ಳಿ, ಅದು ಈ ಮಸೀದಿಯ ಜಾಲಿಯಿಂದಲೇ ಬಂದದ್ದು. ಕಟ್ಟಿದ್ದು 1572-73ರಲ್ಲಿ, ಗುಜರಾತ್ ಸುಲ್ತಾನರ ಆಳ್ವಿಕೆ ಮುಗಿಯೋ ಹೊತ್ತಿನಲ್ಲಿ. ಕಟ್ಟಿಸಿದ ಸೀದಿ ಸಯ್ಯದ್ ಆಫ್ರಿಕಾ ಮೂಲದವರು, ಹಬ್ಶಿ. "ಸೀದಿ" ಅಂದಾಕ್ಷಣ ನನಗೆ ನೆನಪಾದದ್ದು ನಮ್ಮ ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿ ಜನ. ಅದೇ ಹೆಸರು. ಹಿಂದೂ ಮಹಾಸಾಗರ ದಾಟಿ ಬಂದ ಜನರಲ್ಲಿ ಕೆಲವರು ಇಲ್ಲಿ ಸುಲ್ತಾನರ ಆಸ್ಥಾನ ಸೇರಿದ್ರು, ಕೆಲವರ ಮಕ್ಕಳು ಮೊಮ್ಮಕ್ಕಳು ಉತ್ತರ ಕನ್ನಡದ ಕಾಡು ಸೇರಿದ್ರು. ಅದನ್ನ ನಾನು ಆವರೆಗೆ ಒಂದೇ ಗೆರೆಯಲ್ಲಿ ಜೋಡಿಸಿ ನೋಡಿರಲಿಲ್ಲ.

ಜಾಲಿ ಅಂದ್ರೆ ಕಲ್ಲಿನಲ್ಲಿ ಕೊರೆದ ಕಿಟಕಿ. ಅರ್ಧಚಂದ್ರದ ಆಕಾರ. ಅದರೊಳಗೆ ಒಂದು ಮರ, ಅದರ ಕೊಂಬೆಗಳು ಸುರುಳಿ ಸುರುಳಿಯಾಗಿ ಇಡೀ ಕಿಟಕಿ ತುಂಬಿವೆ. ನಡುವೆ ತಾಳೆ ಮರದಂಥ ಮರ. ಎಲ್ಲರೂ ಫೋನ್ ತೆಗೆದ್ವಿ. ಸರ್ "ಬ್ಯಾಗಿಗೆ ಹಾಕಿ. ಒಂದು ಗಂಟೆ ಕೂತು ಬಿಡಿಸಿ" ಅಂದ್ರು.

ನಾನು ಕೊಂಬೆ ಬಿಡಿಸೋಕೆ ಶುರು ಮಾಡಿದೆ. ಹತ್ತು ನಿಮಿಷದಲ್ಲಿ ಕಳೆದುಹೋದೆ. ಯಾವ ಕೊಂಬೆ ಎಲ್ಲಿಂದ ಹೊರಟಿತು, ಎಲ್ಲಿ ಇನ್ನೊಂದರ ಹಿಂದೆ ಹೋಯ್ತು, ಒಂದೂ ಗೊತ್ತಾಗಲಿಲ್ಲ. ಲಾಗ್ ಇಲ್ಲದ ಸಿಸ್ಟಮ್ ಡಿಬಗ್ ಮಾಡಿದ ಹಾಗೆ. ಸರ್ ಹಿಂದೆ ಬಂದು ನಿಂತು, "ಕಲ್ಲನ್ನ ಯಾಕೆ ಬಿಡಿಸ್ತೀಯಾ? ತೂತು ಬಿಡಿಸು. ಒಂದೊಂದೇ ತೂತು" ಅಂದ್ರು. ಹೊರಗಿನಿಂದ ನೋಡಿದ್ರೆ ಆ ತೂತುಗಳು ಕಪ್ಪಗೆ ಕಾಣ್ತವೆ. ಒಂದು ತೂತಿನ ಆಕಾರ, ಅದರ ಪಕ್ಕದ ತೂತು, ಅದರ ಪಕ್ಕದ್ದು. ಹೀಗೇ ಮಾಡ್ತಾ ಹೋದ್ರೆ ನಡುವೆ ಉಳಿದ ಬಿಳಿ ಜಾಗವೇ ಕೊಂಬೆಯಾಗಿ ಬಂತು. ಒಂದು ಗಂಟೆಯಲ್ಲಿ ಅಂಗೈಯಷ್ಟು ಜಾಗ ಆಯ್ತು. ಆದರೆ ಆ ಅಂಗೈಯಷ್ಟು ಜಾಗ ಇವತ್ತಿಗೂ ಕಣ್ಣು ಮುಚ್ಚಿದ್ರೆ ಕಾಣುತ್ತೆ. ತೆಗೆದ ಫೋಟೋಗಳು ಯಾವ ಫೋಲ್ಡರಿನಲ್ಲಿವೆ ಅಂತ ನೆನಪಿಲ್ಲ.

ಅಲ್ಲಿಂದ ಶಾಹಿಬಾಗಿನ ಕ್ಯಾಲಿಕೋ ಮ್ಯೂಸಿಯಂ. ಇದು ಬಟ್ಟೆಗಳ ಮ್ಯೂಸಿಯಂ. 1949ರಲ್ಲಿ ಗೌತಮ್ ಸಾರಾಭಾಯಿ ಮತ್ತು ಅವರ ತಂಗಿ ಗೀರಾ ಸಾರಾಭಾಯಿ ಸೇರಿ ಶುರು ಮಾಡಿದ್ದು. ವಿಚಾರ ಕೊಟ್ಟವರು ಆನಂದ ಕುಮಾರಸ್ವಾಮಿ: ಗಿರಣಿಗಳ ಊರಾದ ಅಹಮದಾಬಾದಿನಲ್ಲಿ ಕೈಬಟ್ಟೆಗೊಂದು ಮ್ಯೂಸಿಯಂ ಇರಬೇಕು ಅಂತ. ಹೋಗೋದಿದ್ರೆ ಮುಂಚೆಯೇ ಬುಕ್ ಮಾಡಿಸಬೇಕು, ಸ್ವಲ್ಪ ಜನರನ್ನೇ ಒಳಗೆ ಬಿಡ್ತಾರೆ. ಫೋನು, ಬ್ಯಾಗು ಹೊರಗೇ. ಒಳಗೆ ಬೆಳಕು ಕಮ್ಮಿ, ಯಾಕಂದ್ರೆ ಬೆಳಕು ಹೆಚ್ಚಾದ್ರೆ ಹಳೇ ಬಟ್ಟೆಯ ಬಣ್ಣ ಹೋಗುತ್ತೆ.

ನಮಗೆ ಅಲ್ಲಿ ಪಾಟಣದ ಪಟೋಲಾ ಸೀರೆ ತೋರಿಸಿದ್ರು. ಆನೆ, ಗಿಳಿ, ಕುಣಿಯೋ ಹೆಂಗಸರು. ಚಿತ್ರದ ಅಂಚುಗಳು ಸಣ್ಣದಾಗಿ ಮಸುಕಾಗಿದ್ವು, ನೀರಿನಲ್ಲಿ ನೋಡಿದ ಹಾಗೆ. ಕ್ಲಾಸಿನ ಹುಡುಗನೊಬ್ಬ "ಪ್ರಿಂಟ್ ಸರಿಯಾಗಿ ಕೂತಿಲ್ಲ ಅನ್ಸುತ್ತೆ" ಅಂದ. ನನಗೆ ಬಾಯಿ ಸುಮ್ನಿರಲಿಲ್ಲ. "ಇದು ಪ್ರಿಂಟ್ ಅಲ್ಲಪ್ಪಾ" ಅಂತ ಶುರು ಮಾಡಿದೆ.

ಬಟ್ಟೆಯಲ್ಲಿ ಎರಡು ಥರದ ದಾರ. ಉದ್ದಕ್ಕೆ ಮಗ್ಗದ ಮೇಲೆ ಬಿಗಿದದ್ದು ಹಾಸು. ಅಡ್ಡಕ್ಕೆ ಲಾಳಿಯಲ್ಲಿ ಓಡೋದು ಹೊಕ್ಕು. ನಾವು ಮಾತಿನಲ್ಲಿ "ಹಾಸುಹೊಕ್ಕು" ಅಂತೀವಲ್ಲ, ಅದೇ. ಸಾಮಾನ್ಯ ಸೀರೆಯಲ್ಲಿ ದಾರಕ್ಕೆ ಪೂರ್ತಿ ಒಂದೇ ಬಣ್ಣ. ಪಟೋಲಾದಲ್ಲಿ ನೇಯೋದಕ್ಕಿಂತ ಮೊದಲೇ ಹಾಸಿಗೂ ಹೊಕ್ಕಿಗೂ ಎರಡಕ್ಕೂ ಅಲ್ಲಲ್ಲಿ ದಾರ ಕಟ್ಟಿ, ಒಂದೊಂದೇ ಬಣ್ಣದಲ್ಲಿ ಅದ್ದುತ್ತಾರೆ. ಕಟ್ಟಿದ ಕಡೆ ಬಣ್ಣ ಹತ್ತಲ್ಲ. ಆಮೇಲೆ ನೇಯುವಾಗ ಹಾಸಿನ ಕೆಂಪು ಹೊಕ್ಕಿನ ಕೆಂಪಿನ ಮೇಲೇ ಬಂದು ಕೂರಬೇಕು. ಆಗ ಮಾತ್ರ ಆನೆ ಆನೆಯಾಗುತ್ತೆ. ಆ ಮಸುಕು ಅಂಚೇ ಅದು ಕೈಯಿಂದ ಆಗಿದ್ದು ಅನ್ನೋದರ ಗುರುತು. ಒಂದು ಸೀರೆಗೆ ತಿಂಗಳುಗಟ್ಟಲೆ ಬೇಕು. ಒಂದು ಗಂಟು ತಪ್ಪಿದ್ರೆ ಆಮೇಲೆ ಪ್ಯಾಚ್ ಹಾಕೋಕಾಗಲ್ಲ.

ಹೇಳಿ ಮುಗಿಸಿ ನೋಡ್ತೀನಿ, ಗೈಡ್ ಅಮ್ಮನೂ ಸೇರಿ ಎಲ್ಲರೂ ನನ್ನ ಕಡೆ ನೋಡ್ತಿದ್ದಾರೆ. ಮೈಸೂರಿನ ಅಕ್ಕ ಕೇಳಿದ್ರು, "ನಿನಗೆ ಇದೆಲ್ಲಾ ಹೇಗೋ ಗೊತ್ತು?"

"ನಮ್ಮಪ್ಪ ನೇಕಾರ್ರು ಅಕ್ಕಾ" ಅಂದೆ.

ಸ್ನೇಹಿತರೇ, ಇದು ಕೇಳೋಕೆ ಸಣ್ಣ ಮಾತು. ಆದರೆ ಆ ಮಾತನ್ನ ನಾನು ಹದಿನಾಲ್ಕು ವರ್ಷದಲ್ಲಿ ಆಫೀಸಿನ ಯಾರ ಮುಂದೂ ಹೇಳಿರಲಿಲ್ಲ. ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ತಂದೆಯ ಕೆಲಸ ಕೇಳಿದಾಗ "ಟೆಕ್ಸ್‌ಟೈಲ್ ಬಿಸಿನೆಸ್" ಅಂದಿದ್ದೆ. ಸುಳ್ಳೇನಲ್ಲ ಅಂತ ಸಮಾಧಾನ ಮಾಡ್ಕೊಂಡಿದ್ದೆ. ಆ ದಿನ ಗಾಜಿನ ಮುಂದೆ ನಿಂತು ಅಪ್ಪನ ಮನೆಮಾತನ್ನೇ ನಾನು ವಿದ್ಯೆಯ ಹಾಗೆ ಬಳಸಿದೆ.

ಮಧ್ಯಾಹ್ನ ಸಾಬರಮತಿ ಆಶ್ರಮ. ಮರದ ನೆರಳಲ್ಲಿ ಕೂರಿಸಿ ಸರ್ ಹೇಳಿದ್ರು: "ಬೆಳಗ್ಗೆ ಮ್ಯೂಸಿಯಂನಲ್ಲಿ ನೋಡಿದ ಒಂದು ಬಟ್ಟೆಯನ್ನ ನೆನಪಿನಿಂದ ಬಿಡಿಸಿ." ಎಲ್ಲರೂ ಆನೆ, ಹೂವು, ನವಿಲು ಬಿಡಿಸಿದ್ರು. ನಾನು ಬಿಡಿಸಿದ್ದು ದಾರ. ಹಾಸು ಹೀಗೆ, ಹೊಕ್ಕು ಹೀಗೆ, ಇಲ್ಲಿ ಗಂಟು. ಸರ್ ನೋಡಿ, "ಇದು ನೀನು ನೋಡಿದ್ದಲ್ಲ, ನಿನಗೆ ಗೊತ್ತಿರೋದು. ಕೆಟ್ಟದ್ದೇನಲ್ಲ. ಆದರೆ ಗೊತ್ತಿರೋದನ್ನೂ ಒಂದು ಸಲ ನೋಡಬೇಕು" ಅಂದ್ರು.

ಅಲ್ಲೇ ಅವರು ಇನ್ನೊಂದು ಸಂಗತಿ ಹೇಳಿದ್ರು. ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ: ಆಶ್ರಮದಲ್ಲಿ ಕೈಮಗ್ಗ ತಂದಿಟ್ಟರು, ಆದರೆ ನೇಯೋಕೆ ಯಾರಿಗೂ ಬರ್ತಿರಲಿಲ್ಲ. ಇದ್ದವರೆಲ್ಲ ಓದಿದವರು, ಇಲ್ಲಾ ವ್ಯಾಪಾರದವರು, ಕೈಕೆಲಸದವರು ಒಬ್ಬರೂ ಇಲ್ಲ. ಕೊನೆಗೆ ಪಾಲನ್‌ಪುರದಿಂದ ಒಬ್ಬ ನೇಕಾರನನ್ನ ಕರೆತಂದರು. ಅವನು ಪೂರ್ತಿ ವಿದ್ಯೆ ಬಿಟ್ಟುಕೊಡಲಿಲ್ಲ. ಮಗನ್‌ಲಾಲ್ ಗಾಂಧಿ ಕಷ್ಟಪಟ್ಟು ಕಲಿತು, ಒಬ್ಬೊಬ್ಬರಿಗೇ ಕಲಿಸಿದರು. ಆಮೇಲೆ ಚರಕ ಹುಡುಕೋ ಕೆಲಸ. ಗಂಗಾಬೆನ್ ಅನ್ನೋ ಹೆಣ್ಣುಮಗಳು ಊರೂರು ಅಲೆದು, ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ಅಟ್ಟದ ಮೇಲೆ ಬಿದ್ದಿದ್ದ ಚರಕಗಳನ್ನ ಪತ್ತೆ ಮಾಡಿದರು.

ಅದನ್ನ ಕೇಳ್ತಾ ನಾನು ಲೆಕ್ಕ ಹಾಕ್ತಿದ್ದೆ. ಒಂದು ಇಡೀ ಚಳವಳಿ ಒಬ್ಬ ನೇಕಾರನಿಗಾಗಿ ಹುಡುಕಾಡಿತು. ನಮ್ಮ ಮನೆಯಲ್ಲಿ ಒಬ್ಬರು ಸುಮ್ಮನೆ ಕಟ್ಟೆ ಮೇಲೆ ಕೂತಿದ್ದಾರೆ.

ಮರುದಿನ ವಡೋದರಾ. ಅಹಮದಾಬಾದಿನಿಂದ ನೂರು ಕಿಲೋಮೀಟರ್ ಆಸುಪಾಸು. ಮೊದಲು ಕೀರ್ತಿ ಮಂದಿರ. ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ ತಮ್ಮ ವಂಶದ ಸ್ಮಾರಕವಾಗಿ 1936ರಲ್ಲಿ ಕಟ್ಟಿಸಿದ್ದು. ಒಳಗಿನ ಗೋಡೆಗಳ ಮೇಲೆ ಶಾಂತಿನಿಕೇತನದ ನಂದಲಾಲ್ ಬೋಸ್ 1939ರಿಂದ 1946ರ ನಡುವೆ ಬಂದು ಬಂದು ಬಿಡಿಸಿದ ಭಿತ್ತಿಚಿತ್ರಗಳಿವೆ: ಗಂಗಾವತರಣ, ಮೀರಾಬಾಯಿಯ ಜೀವನ, ಟಾಗೋರರ ನಟೀರ್ ಪೂಜಾ, ಮಹಾಭಾರತದ ಯುದ್ಧ. ನಮ್ಮ ಸಂವಿಧಾನದ ಮೂಲ ಪ್ರತಿಯ ಪುಟಗಳನ್ನ ಶಿಷ್ಯರ ಜೊತೆ ಸೇರಿ ಚಿತ್ರಗಳಿಂದ ಅಲಂಕರಿಸಿದ್ದೂ ಇವರೇ.

ಯುದ್ಧದ ಗೋಡೆಯ ಮುಂದೆ ಒಂದೂವರೆ ಗಂಟೆ ಕೂತಿದ್ದೆ. ನನಗೆ ಹೊಳೆದದ್ದು ಇಷ್ಟು: ಅಷ್ಟೊಂದು ಜನ, ಕುದುರೆ, ಆಯುಧ ಇದ್ರೂ ಗೆರೆ ಎಲ್ಲೂ ಗಾಬರಿಯಾಗಿಲ್ಲ. ಬರೀ ಅವಸರದಲ್ಲಿ ಬದುಕೋ ನನ್ನಂಥವನಿಗೆ ಇದು ನಂಬೋಕೇ ಆಗಲಿಲ್ಲ. ಒಂದು ಕೈಯನ್ನ ಮಾತ್ರ ಬಿಡಿಸಿದೆ, ಬರೀ ಮುಷ್ಟಿ. ಆರು ಸಲ ಅಳಿಸಿದೆ. ಪಕ್ಕದಲ್ಲಿ ಅಕ್ಕನೂ ಅಳಿಸ್ತಾ ಇದ್ರು. "ರಬ್ಬರ್ ಮುಗೀತು, ನಿನ್ನದು ಕೊಡು" ಅಂದ್ರು. ಅವತ್ತಿನ ಪಾಠ ಅಷ್ಟೇ.

ಮಧ್ಯಾಹ್ನ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗ. 1950ರಲ್ಲಿ ಶುರುವಾದದ್ದು. ಸ್ವತಂತ್ರ ಭಾರತದಲ್ಲಿ ಕಲೆ ಕಲಿಸೋದು ಹೇಗೆ ಅಂತ ಹೊಸದಾಗಿ ಯೋಚನೆ ಮಾಡಿದ ಜಾಗ. ಮಾರ್ಕಂಡ್ ಭಟ್, ಎನ್.ಎಸ್. ಬೇಂದ್ರೆ, ಶಂಖೋ ಚೌಧರಿ ಇಲ್ಲಿನ ಮೊದಲ ಮೇಷ್ಟ್ರುಗಳು. ಬೇಂದ್ರೆ ಅಂದ ಕೂಡಲೇ ಧಾರವಾಡ ಅಂದ್ಕೋಬೇಡಿ, ಇವರು ಇಂದೋರಿನವರು! ಕನ್ನಡದ ನಂಟೂ ಇದೆ: ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ ಶಿಲ್ಪಕಲೆ ಓದಿದ್ದು ಇಲ್ಲಿ, ರವಿಕುಮಾರ್ ಕಾಶಿ ಪ್ರಿಂಟ್‌ಮೇಕಿಂಗ್ ಓದಿದ್ದೂ ಇಲ್ಲೇ.

ಸರ್ ಕ್ಯಾಂಪಸ್ಸಿಗೆ ಕಾಲಿಟ್ಟದ್ದೇ ಹುಡುಗನಾಗಿಬಿಟ್ರು. "ಇಲ್ಲಿ ಚಹಾ ಕುಡೀತಿದ್ವಿ, ಇಲ್ಲಿ ಮಣಿಸಾರ್ ಬೈದಿದ್ರು." ಮಣಿಸಾರ್ ಅಂದ್ರೆ ಕೆ.ಜಿ. ಸುಬ್ರಮಣ್ಯನ್. ಇವರ ಕಥೆ ನಿಮಗೆ ಹೇಳಲೇಬೇಕು. ಕೇರಳದಲ್ಲಿ 1924ರಲ್ಲಿ ಹುಟ್ಟಿದವರು, ಮದ್ರಾಸಿನಲ್ಲಿ ಅರ್ಥಶಾಸ್ತ್ರ ಓದ್ತಿದ್ರು. ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು ಜೈಲಿಗೆ ಹೋದರು. ಸರ್ಕಾರಿ ಕಾಲೇಜುಗಳ ಬಾಗಿಲು ಮುಚ್ಚಿತು. ಆಗ 1944ರಲ್ಲಿ ಶಾಂತಿನಿಕೇತನಕ್ಕೆ ಹೋಗಿ ನಂದಲಾಲ್ ಬೋಸರ ಶಿಷ್ಯರಾದರು. 1951ರಲ್ಲಿ ಬರೋಡಾಕ್ಕೆ ಬಂದರು. ನಡುವೆ ಎರಡು ವರ್ಷ ಅಖಿಲ ಭಾರತ ಕೈಮಗ್ಗ ಮಂಡಳಿಯಲ್ಲಿ ಕೆಲಸ ಮಾಡಿ, 1961ರಲ್ಲಿ ವಾಪಸ್ ಬಂದರು. ಅವರು ಚಿತ್ರ ಬರೆದ್ರು, ಗೊಂಬೆ ಮಾಡಿದ್ರು, ಮಣ್ಣಿನ ಫಲಕ ಮಾಡಿದ್ರು, ಮಕ್ಕಳ ಪುಸ್ತಕ ಮಾಡಿದ್ರು, ನೇಯ್ಗೆಯಲ್ಲೂ ಕೈ ಆಡಿಸಿದ್ರು. ಅವರ ಪ್ರಕಾರ ಕಲಾವಿದ ಮತ್ತು ಕುಶಲಕರ್ಮಿ ನಡುವೆ ಗೋಡೆ ಇಲ್ಲ. 1961ರಿಂದ ಇಲ್ಲಿ ಫೈನ್ ಆರ್ಟ್ಸ್ ಫೇರ್ ನಡೆಸೋಕೆ ಶುರು ಮಾಡಿದ್ರು. ಮೇಷ್ಟ್ರು, ವಿದ್ಯಾರ್ಥಿಗಳು ಸೇರಿ ಗೊಂಬೆ, ಆಟಿಕೆ, ಮಡಕೆ ಮಾಡಿ ಊರ ಜನಕ್ಕೆ ಮಾರೋದು.

ಅಲ್ಲಿನ ಮರದ ಕೆಳಗೆ ಕೂತು ಸರ್ ಕೇಳಿದ್ರು, "ನಿಮ್ಮ ಊರಿನ ಸೀರೆಯಲ್ಲಿ ಏನು ವಿಶೇಷ?" ನಾನು ಹೇಳಿದೆ. ಇಳಕಲ್ ಸೀರೆಯ ಮೈ ಒಂದು ಹಾಸು, ಸೆರಗು ಇನ್ನೊಂದು ಹಾಸು. ಎರಡನ್ನೂ ಬೇರೆ ಬೇರೆ ತಯಾರಿಸಿ, ಆಮೇಲೆ ಒಂದೊಂದು ಎಳೆಯನ್ನೂ ಇನ್ನೊಂದರ ಎಳೆಗೆ ಕುಣಿಕೆ ಹಾಕಿ ಜೋಡಿಸ್ತಾರೆ. ಅದಕ್ಕೆ ಕೊಂಡಿ ಅಂತಾರೆ. ಸಾವಿರಾರು ಎಳೆ. ಒಂದು ಸೀರೆಗೆ ಮಾಡಿದ್ದು ಇನ್ನೊಂದಕ್ಕೆ ಬರಲ್ಲ, ಮತ್ತೆ ಹೊಸದಾಗಿ ಮಾಡಬೇಕು. ಆ ಸೆರಗಿಗೆ ತೋಪು ತೆನಿ ಅಂತ ಹೆಸರು, ಕೆಂಪಿನ ಮೂರು ಭಾಗ, ನಡುವೆ ಬಿಳಿಯ ಎರಡು. ನಮ್ಮನೇಲಿ ಕೊಂಡಿ ಹಾಕ್ತಿದ್ದದ್ದು ಅವ್ವ.

"ಹೇಗೆ ಹಾಕ್ತಾರೆ? ಬಿಡಿಸಿ ತೋರಿಸು" ಅಂದ್ರು ಸರ್.

ಪೆನ್ಸಿಲ್ ಹಿಡಿದೆ. ಬರಲಿಲ್ಲ. ಹುಟ್ಟಿದಾಗಿಂದ ಹದಿನೆಂಟು ವರ್ಷ ದಿನಾ ಕಣ್ಣ ಮುಂದೆ ನಡೆದ ಕೆಲಸ, ಬೆರಳು ಯಾವ ಕಡೆಯಿಂದ ಬರುತ್ತೆ ಅಂತ ನನಗೆ ಗೊತ್ತಿಲ್ಲ. ಪಾಟಣದ ಪಟೋಲಾ ಬಗ್ಗೆ ಭಾಷಣ ಮಾಡಿದವನಿಗೆ ಅವ್ವನ ಬೆರಳು ಗೊತ್ತಿಲ್ಲ. ಹಾಳೆ ಹಾಗೇ ಖಾಲಿ. ಯಾರೂ ನಗಲಿಲ್ಲ. ನಕ್ಕಿದ್ರೆ ಚೆನ್ನಾಗಿತ್ತು.

ಸಂಜೆ ಹೋಟೆಲಿನಿಂದ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಸೋಮವಾರ ಕುಣಿ ಮುಚ್ಚಸಬ್ಯಾಡ್ರಿ."

"ಯಾಕೋ? ಏನಾತು ನಿನಗ? ಆರು ತಿಂಗಳಿಂದ ನೀನ ಗಂಟುಬಿದ್ದೀದಿ, ಮುಚ್ಚೂಣು ಮುಚ್ಚೂಣು ಅಂತ."

"ಇಲ್ರಿ ಅಪ್ಪಾ, ಅದು ಕಲೆ ಐತಿ. ಇಲ್ಲೆ ಮಂದಿ ಇಂಥಾದ್ದನ್ನ ಗಾಜಿನ್ಯಾಗ ಇಟ್ಟು ತೋರಸ್ತಾರ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಅಂದ್ರು, "ಗಾಜಿನ್ಯಾಗ ಸೀರಿ ಇಟ್ಟಾರೋ, ಕುಣಿ ಇಟ್ಟಾರೋ? ನಲವತ್ತು ವರ್ಷ ಆ ಕುಣ್ಯಾಗ ಕಾಲ ಇಳಿಬಿಟ್ಟು ಕುಂತಾಂವ ನಾನು. ಮಳಿಗಾಲದಾಗ ತ್ಯಾವ ಏರತಿತ್ತು. ಈಗ ಮಂಡಿ ಮಡಚಾಕ ಬರೂದುಲ್ಲ. ನೀ ಹೇಳಿದಿ ಅಂತ ನಾ ಹೂಂ ಅಂದಿಲ್ಲ. ಅದನ್ನ ಮುಚ್ಚೂದು ನಂದ ಆಸೆ."

ನನಗೆ ಏನು ಹೇಳಬೇಕೋ ತಿಳೀಲಿಲ್ಲ. ಎರಡೂ ಸಲ ನಾನು ಅಪ್ಪನನ್ನ ಕೇಳಿರಲಿಲ್ಲ ಅಂತ ಗೊತ್ತಾಯ್ತು. ಮೊದಲು ಟೈಲ್ಸ್ ಹಾಕ್ಸೋಕೆ ಹೊರಟಾಗಲೂ ಕೇಳಲಿಲ್ಲ. ಈಗ ಕಲೆ ಉಳಿಸೋಕೆ ಹೊರಟಾಗಲೂ ಕೇಳಲಿಲ್ಲ. ಮುಚ್ಚೋದು, ಉಳಿಸೋದು, ಎರಡೂ ನನ್ನ ಅನುಕೂಲದ್ದೇ.

"ಹಂಗಾದ್ರ ಮೂರು ದಿನ ತಡೀರಿ. ನಾ ಬಂದು ಬಿಡಿಸ್ಕೊಂಡು ಹೊಕ್ಕೀನಿ. ಆಮ್ಯಾಲ ಮುಚ್ಚಸ್ರಿ."

"ಏನ್ ಬಿಡಿಸ್ತಿ?"

"ಮಗ್ಗದ ಚಿತ್ರ."

ಅಪ್ಪ ನಕ್ಕರು. "ಬಾ ಹಂಗಾದ್ರ. ಗುರುವಾರ ಮುಚ್ಚಿಸಿದ್ರಾತು."

ಶನಿವಾರ ಸೂರತ್. ವಡೋದರಾದಿಂದ ನೂರಮೂವತ್ತು ಕಿಲೋಮೀಟರ್ ಹತ್ತಿರ ಹತ್ತಿರ. ಸೂರತ್ ಒಂದು ಕಾಲಕ್ಕೆ ಮೊಘಲರ ದೊಡ್ಡ ಬಂದರು, ಹಜ್ ಯಾತ್ರೆಯ ಹಡಗು ಹೊರಡೋ ಜಾಗ. ಈಸ್ಟ್ ಇಂಡಿಯಾ ಕಂಪನಿ 1613ರಲ್ಲಿ ಮಳಿಗೆ ತೆರೆದದ್ದೂ ಇಲ್ಲೇ, ಬಟ್ಟೆ ವ್ಯಾಪಾರಕ್ಕೆ. ಕಂಚಿ, ಬನಾರಸ್ ಸೀರೆಗಳ ಜರಿ ಸೂರತ್ತಿನಿಂದ ಹೋಗುತ್ತೆ. ಇವತ್ತು ಅದು ಪವರ್‌ಲೂಮಿನ ಊರು, ಪಾಲಿಯೆಸ್ಟರ್ ಸೀರೆಯ ಊರು. ಆ ಮಗ್ಗಗಳನ್ನ ನಡೆಸೋರಲ್ಲಿ ಬಹಳ ಜನ ಒಡಿಶಾದ ಗಂಜಾಂ ಜಿಲ್ಲೆಯವರು. ಅವರೂ ವಲಸೆ ಬಂದವರೇ, ನಮ್ಮ ಹಾಗೆ. ನಮಗೆ ಎಸಿ ಇದೆ, ಅವರಿಗೆ ಕಿವಿ ಗಡಚಿಕ್ಕೋ ಸದ್ದಿದೆ.

ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಅರ್ಧ ಗಂಟೆ ನಿಲ್ಲೋಕೆ ಬಿಟ್ರು. ಅಲ್ಲಿ ಜಕಾರ್ಡ್ ನೋಡಿದೆ. ನಮ್ಮ ಕಂಪ್ಯೂಟರಿನ ವಂಶವೃಕ್ಷದಲ್ಲಿ ಇದೂ ಇದೆ ಅಂತ ಕೇಳಿರ್ತೀರಿ. 1800ರ ಆಸುಪಾಸಿನಲ್ಲಿ ಫ್ರಾನ್ಸಿನ ಜಕಾರ್ಡ್ ತೂತು ಹೊಡೆದ ಕಾರ್ಡುಗಳಿಂದ ಮಗ್ಗಕ್ಕೆ ವಿನ್ಯಾಸ ಹೇಳಿದ. ಆ ತೂತಿನ ಕಾರ್ಡನ್ನೇ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತಗೊಳ್ಳೋ ಯೋಚನೆ ಮಾಡಿದ. ಮೊದಲ ದಿನ ಕಲ್ಲಿನ ಜಾಲಿಯಲ್ಲಿ ತೂತು ಬಿಡಿಸಿದ್ದೆ. ಮೂರನೇ ದಿನವೂ ತೂತೇ. ಸದ್ದಿನಲ್ಲಿ ಮಾತು ಕೇಳ್ತಿರಲಿಲ್ಲ, ಹಾಗಾಗಿ ಎಲ್ಲರೂ ಸುಮ್ಮನೆ ಬಿಡಿಸಿದ್ವಿ. ಮಗ್ಗದ ಹುಡುಗ ಒಬ್ಬ ಇಣುಕಿ ನೋಡಿ, ಅಕ್ಕನ ಹಾಳೆಯಲ್ಲಿ ಒಂದು ಗಾಲಿ ತಪ್ಪು ಕಡೆ ಇದೆ ಅಂತ ಬೆರಳಿಟ್ಟು ತೋರಿಸಿದ. ಅವರು ತಿದ್ದಿದ್ರು.

ಆಮೇಲೆ ರಿಂಗ್ ರೋಡಿನ ಬಟ್ಟೆ ಮಾರ್ಕೆಟ್. ಒಂದು ಅಂಗಡಿಯಲ್ಲಿ ನಾನು ಕರ್ನಾಟಕದವನು ಅಂತ ಗೊತ್ತಾಗಿದ್ದೇ ತಡ, ಅಂಗಡಿಯವರು ಒಂದು ಕಟ್ಟು ಬಿಚ್ಚಿದ್ರು. "ನಿಮ್ಮ ಕಡೆ ಬಹಳ ಹೋಗುತ್ತೆ" ಅಂದ್ರು. ನೋಡಿದ್ರೆ ಇಳಕಲ್ ಸೀರೆ! ಅದೇ ದಡಿ, ಅದೇ ಕೆಂಪು ಸೆರಗು, ಅದೇ ಬಿಳಿ ಪಟ್ಟೆ. ತಿರುಗಿಸಿ ನೋಡಿದೆ. ಕೊಂಡಿ ಇಲ್ಲ. ಸೆರಗು ಮೈಯಿಂದಲೇ ಮುಂದುವರಿದಿದೆ, ಪಟ್ಟೆ ಪ್ರಿಂಟು. ಬೆಲೆ ಮುನ್ನೂರೈವತ್ತು ರೂಪಾಯಿ. ಅಪ್ಪ ಒಂದು ಸೀರೆಗೆ ಬರೀ ನೂಲಿಗೇ ಅದಕ್ಕಿಂತ ಜಾಸ್ತಿ ಹಾಕ್ತಿದ್ರು.

ನನಗೆ ಸಿಟ್ಟು ಬಂತು. ಹೊರಗೆ ಬಂದು ಅವ್ವನಿಗೆ ಫೋನ್ ಮಾಡಿ ಹೇಳಿದೆ, "ಅವ್ವಾ, ನಮ್ಮ ಹೊಟ್ಟಿ ಮ್ಯಾಲ ಹೊಡದಾರ ಇವ್ರು." ಅವ್ವ ಅಂದ್ಲು, "ಅಂಥಾವು ನನ್ನ ಹತ್ರ ಎರಡ ಅದಾವಲ್ಲೋ. ಮನ್ಯಾಗ ಉಡಾಕ ಛಲೋ. ಒಗಿಯಾಕ ಹಗುರ, ಲಗೂನ ಒಣಗ್ತಾವ. ನೀ ಬರುಮುಂದ ಹಸರುದು ಒಂದ ತೊಗೊಂಡ ಬಾ."

ತಗೊಂಡೆ. ಹಸಿರು ಒಂದು.

ಸರ್‌ಗೆ ಇದನ್ನ ಹೇಳಿದಾಗ ಅವರು ಸೂರತ್ ಜಿಲ್ಲೆಯ ಹರಿಪುರದ ಕಥೆ ಹೇಳಿದ್ರು. 1938ರಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೀತು, ಸುಭಾಷ್‌ಚಂದ್ರ ಬೋಸ್ ಅಧ್ಯಕ್ಷರು. ಗಾಂಧೀಜಿ ಮಾತಿನಂತೆ ನಂದಲಾಲ್ ಬೋಸ್ ಮತ್ತು ಅವರ ಶಿಷ್ಯರು ನೂರಾರು ಪೋಸ್ಟರ್ ಮಾಡಿದ್ರು. ಕೈಕಾಗದ, ಮಣ್ಣಿನ ಬಣ್ಣ. ಅದರಲ್ಲಿ ನಾಯಕರಲ್ಲ, ದುಡಿಯೋ ಜನ: ಡೋಲು ಬಾರಿಸೋನು, ಬಡಗಿ, ಹೋರಿ ಹಿಡಿದವನು. ಹೊಲ ಬಿಟ್ಟು ಬಂದ ರೈತ ನಡ್ಕೊಂಡು ಹೋಗ್ತಾ ನೋಡಲಿ ಅಂತ ಬಾಗಿಲಲ್ಲಿ, ಪೆಂಡಾಲಿನಲ್ಲಿ ಕಟ್ಟಿದ್ರು. "ಮ್ಯೂಸಿಯಂಗೆ ಅಂತ ಮಾಡಿದ್ದಲ್ಲ ಅದು" ಅಂದ್ರು ಸರ್. "ನಿಮ್ಮ ಅವ್ವನೂ ಸೀರೆ ನೋಡೋದು ಉಡೋಕೆ. ತಪ್ಪೇನಿದೆ? ನಿನ್ನ ಕೆಲಸ ಬೇರೆ. ನೀನು ನೋಡಿ ಬರೆದಿಡು."

ರಾತ್ರಿ ರೈಲಿಗೆ ಪುಣೆ. ಭಾನುವಾರ ರಾತ್ರಿ ಬಸ್ಸಿಗೆ ಇಳಕಲ್. ಮೂರು ದಿನ ವರ್ಕ್ ಫ್ರಮ್ ಹೋಮ್ ಅಂತ ಹಾಕಿದೆ. ಬೆಳಗ್ಗೆ ಸ್ಟ್ಯಾಂಡ್‌ಅಪ್ ಕಾಲ್ ಮುಗಿಸಿ ಮಗ್ಗದ ಮುಂದೆ ಕೂರೋದು, ಫೋನ್ ಅಡುಗೆಮನೇಲಿ. ಮೊದಲ ಚಿತ್ರ ಅಪ್ಪನಿಗೆ ತೋರಿಸಿದೆ. ನೋಡಿ, "ಈ ಮಗ್ಗದ ಮ್ಯಾಗ ಸೀರಿ ಆಗೂದುಲ್ಲ" ಅಂದ್ರು. ಹಗ್ಗ ಕಟ್ಟಿದ ಜಾಗ ತಪ್ಪಾಗಿತ್ತು. ಎರಡನೇದಕ್ಕೆ "ಅಡ್ಡಿಯಿಲ್ಲ". ನಾಲ್ಕನೇದಕ್ಕೆ ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಒರೆಸ್ಕೊಂಡು ಇನ್ನೊಂದು ಸಲ ನೋಡಿದ್ರು. ಅಷ್ಟು ಸಾಕು ನನಗೆ.

ಮಂಗಳವಾರ ಅವ್ವನ ಮುಂದೆ ಕೂತೆ. ಎರಡು ಬಣ್ಣದ ನೂಲು ತೊಡೆ ಮೇಲೆ ಇಟ್ಕೊಂಡು ಕೊಂಡಿ ಹಾಕಿ ತೋರಿಸಿದ್ಲು. ಕಣ್ಣಿಗೆ ಕಾಣೋದಕ್ಕಿಂತ ಮೊದಲೇ ಕುಣಿಕೆ ಬಿದ್ದಿರುತ್ತೆ. "ಸಾವಕಾಶ ಹಾಕು ಅವ್ವಾ" ಅಂದೆ. "ಸಾವಕಾಶ ಹಾಕಾ ಹ್ವಾದ್ರ ನನಗ ಬರೂದುಲ್ಲೋ" ಅಂದ್ಲು. ಬೆರಳಿಗೆ ಗೊತ್ತು, ಬಾಯಿಗೆ ಗೊತ್ತಿಲ್ಲ. ಹನ್ನೊಂದು ಸಲ ಬಿಡಿಸಿದೆ. ಪ್ರತಿ ಸಲ ಅವ್ವ ಬಗ್ಗಿ ನೋಡಿ "ಈ ಬಟ್ಟು ಇಲ್ಲಿ ಬರೂದುಲ್ಲ" ಅಂತ ತಿದ್ದಿದ್ಲು. ನನಗೆ ಚಿತ್ರ ಕಲಿಸಿದ ಮೇಷ್ಟ್ರುಗಳಲ್ಲಿ ಅವಳಷ್ಟು ಕಟ್ಟುನಿಟ್ಟು ಯಾರೂ ಇಲ್ಲ.

ಗುರುವಾರ ಕುಣಿ ಮುಚ್ಚಿದ್ರು. ಮಗ್ಗದ ಮರಮುಟ್ಟನ್ನ ಓಣಿಯಲ್ಲಿ ಇನ್ನೂ ನೇಯ್ತಿರೋ ಒಬ್ಬರಿಗೆ ಅಪ್ಪ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಈಗ ಆ ಜಾಗದಲ್ಲಿ ಕುರ್ಚಿ ಹಾಕ್ಕೊಂಡು ಕಾಲು ಚಾಚಿ ಪೇಪರ್ ಓದ್ತಾರೆ. ನನಗೆ ಮೊದಮೊದಲು ನೋಡೋಕೆ ಕಷ್ಟ ಆಯ್ತು. ಅವರು ಮಾತ್ರ ಆರಾಮಾಗಿದ್ದಾರೆ.

ಇದನ್ನೆಲ್ಲ ನಿಮಗೆ ಯಾಕೆ ಹೇಳಿದೆ ಅಂದ್ರೆ, ನಮ್ಮಲ್ಲಿ ಬಹಳ ಜನ ಏನೋ ಒಂದು ಕೆಲಸ ನಡೀತಿದ್ದ ಮನೆಯಿಂದ ಬಂದವರು. ಯಾರ ಮನೇಲೋ ಕುಲುಮೆ, ಯಾರ ಮನೇಲೋ ಗಾಣ, ಯಾರ ಮನೇಲೋ ಬುಟ್ಟಿ, ಯಾರ ಮನೇಲೋ ಅಡಿಕೆ ಸುಲಿಯೋ ಕತ್ತಿ. ಅದನ್ನ ಉಳಿಸಲೇಬೇಕು ಅಂತ ನಾನು ಹೇಳಲ್ಲ. ಆ ಹಕ್ಕು ಮಂಡಿ ಸವೆದವರದ್ದು. ಆದರೆ ಮುಚ್ಚೋ ಮೊದಲು ಒಂದು ಸಲ ಕೂತು ನೋಡಿ. ಮುಂದಿನ ದೀಪಾವಳಿಗೋ ಯುಗಾದಿಗೋ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಫೋನ್ ಇನ್ನೊಂದು ಕೋಣೆಯಲ್ಲಿಡಿ. ಅಮ್ಮನ ಕೈ, ಅಜ್ಜನ ಉಪಕರಣ, ಯಾವುದಾದರೂ ಒಂದನ್ನ ಅರ್ಧ ಗಂಟೆ ಬಿಡಿಸಿ. ಕೆಟ್ಟದಾಗಿ ಬರುತ್ತೆ. ಅವರಿಗೇ ತೋರಿಸಿ. ಅವರು ತಪ್ಪು ಹಿಡೀತಾರೆ, ಅಲ್ಲಿಂದ ಮಾತು ಶುರುವಾಗುತ್ತೆ.

ಗುಜರಾತಿಗೆ ಹೋಗೋರಿಗೆ ಎರಡು ಮಾತು: ಕ್ಯಾಲಿಕೋಗೆ ಮುಂಚೆ ಬುಕ್ ಮಾಡಿಸಿ, ಬುಧವಾರ ರಜೆ. ರಬ್ಬರ್ ಎರಡು ಇಟ್ಕೊಂಡಿರಿ, ಅಕ್ಕನಂಥವರು ಪಕ್ಕದಲ್ಲಿ ಕೂತ್ರೆ ಒಂದು ಸಾಲಲ್ಲ.